ನಾಳೆನೇ ಡಿಸ್ಚಾರ್ಜ್ ಅಂತಿದ್ದಾರೆ, ಅನುಭವ ಇದ್ದವರು ಹೇಳಿ

ಗಂಗಾವತಿಯಿಂದ: ಅಪ್ಪನಿಗೆ ಲಕ್ವಾ ಹೊಡೆದು 52 ದಿನ. ಖಾಸಗಿ ಆಸ್ಪತ್ರೆ. ನಾಳೆ ಮನೆಗೆ ಒಯ್ಯಿರಿ, ಇಲ್ಲ ಬೇರೆ ಕಡೆ ಸೇರಿಸಿ ಅಂತಾರೆ. ಮೂಗಿನ ಪೈಪ್ ಇನ್ನೂ ತೆಗೆದಿಲ್ಲ. ಆಗಲ್ಲ ಅನ್ನಬಹುದಾ?

ರಾಯಚೂರಿನವ: ನಾನು ಅವ್ವನನ್ನು ಹೈದರಾಬಾದಿಗೆ ಒಯ್ದೆ. ಆಂಬುಲೆನ್ಸ್ 16,500. ಆಕ್ಸಿಜನ್ನಿಗೆ ಬೇರೆ 2,000. ಡ್ರೈವರ್ ಊಟ, ಚಹಾ ಎಲ್ಲ ನಮ್ಮದೇ. ಅಲ್ಲಿ ಹೋದರೆ ಬೆಡ್ ಇಲ್ಲ! ಇಲ್ಲಿನವರು ಒಂದು ಫೋನೂ ಮಾಡಿರಲಿಲ್ಲ. ಗೇಟಿನ ಹತ್ತಿರ ಎರಡೂವರೆ ತಾಸು, ಅವ್ವ ಗಾಡಿಯಲ್ಲೇ. ಸ್ಕ್ಯಾನ್ ಸಿಡಿ ಕೊಟ್ಟಿರಲಿಲ್ಲ, ಮತ್ತೆ ಎಂಆರ್‌ಐ, 7,800. ಆದರೂ ಒಯ್ದದ್ದೇ ಸರಿ. ಈಗ ಅವ್ವ ಕೂತು ರೊಟ್ಟಿ ಬಡಿಯುತ್ತಾಳೆ.

ಕೊಪ್ಪಳದ ಅಕ್ಕ: ಎಲ್ಲರ ಹತ್ತಿರ ಅಷ್ಟು ದುಡ್ಡು ಇರುತ್ತಾ ಅಣ್ಣಾ? ನಾವು ನಮ್ಮ ಮನೆಯವರನ್ನು ಮನೆಗೇ ತಂದೆವು. ಪೈಪಿನಲ್ಲಿ ಗಂಜಿ ಹಾಕೋದನ್ನು ಸಿಸ್ಟರ್ ಒಂದೇ ಸಲ ತೋರಿಸಿದ್ದು, ಅದೂ ನಾನು ಬಿಲ್ಲಿಗೆ ಓಡಾಡುವಾಗ. ಮೂರನೇ ದಿನ ಪೈಪ್ ಕಟ್ಟಿತು. ಬೆನ್ನಿಗೆ ಅಂಗೈ ಅಗಲದ ಹುಣ್ಣು. ಏರ್ ಬೆಡ್ 3,200, ದಿನ ಬಿಟ್ಟು ದಿನ ಡ್ರೆಸ್ಸಿಂಗ್ 300, ಏಳು ವಾರ. ಲೆಕ್ಕ ಹಾಕಿಕೊಳ್ಳಿ.

ಬಳ್ಳಾರಿಯವ: ಮೊದಲು ಕಾಗದ ನೋಡಿ. ತಮ್ಮನ ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಸಂಬಂಧಿಕರ ಕೋರಿಕೆ ಮೇರೆಗೆ’ ಅಂತ ಬರೆದು ನನ್ನ ಸಹಿ ಹಾಕಿಸಿಕೊಂಡರು. ಹೊರಗೆ ಹಾಕಿದ್ದು ಅವರು, ಕೋರಿಕೆ ನಮ್ಮದಂತೆ! ಫೈಲಿನ ನಕಲು ಬೇಕು ಅಂತ ಬರೆದು ಕೊಡಿ. 72 ಗಂಟೆಯೊಳಗೆ ಕೊಡಬೇಕು, ವೈದ್ಯರ 2002ರ ನಿಯಮದಲ್ಲೇ ಇದೆ. ನನಗೆ 19 ದಿನ ಹಿಡಿಯಿತು, ಅದು ಬೇರೆ ಮಾತು. ಬಿಲ್ಲಿನ ಜಗಳಕ್ಕೆ ರೋಗಿಯನ್ನು ಹಿಡಿದಿಟ್ಟುಕೊಳ್ಳೋ ಹಾಗೂ ಇಲ್ಲ. ಮಾನವ ಹಕ್ಕು ಆಯೋಗದ 2018ರ ರೋಗಿಗಳ ಹಕ್ಕುಪಟ್ಟಿ ಓದಿ.

ರಾಯಚೂರಿನವ: ಅದನ್ನೇ ತೋರಿಸಿದೆ ಸ್ವಾಮಿ. ‘ಇದೇನು ಕಾನೂನಾ?’ ಅಂತ ಮ್ಯಾನೇಜರ್ ನಕ್ಕ.

ಬಳ್ಳಾರಿಯವ: ಜಿಲ್ಲಾಧಿಕಾರಿಗೆ ಬರೆಯಬೇಕಿತ್ತು. ಕೆಪಿಎಂಇ ಅಂದರೆ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆ, ಅದರಲ್ಲಿ ದೂರು ಕೇಳೋ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ನೀವು ಸುಮ್ನೆ ದುಡ್ಡು ಕಟ್ಟಿ ಬಂದಿರಿ.

ಕೊಪ್ಪಳದ ಅಕ್ಕ: ಅರ್ಜಿ ಬರೀತಾ ಕೂತರೆ ಎರಡು ತಾಸಿಗೊಮ್ಮೆ ಮೈ ಹೊರಳಿಸೋರು ಯಾರು? ನಿಮ್ಮ ತಮ್ಮನನ್ನು ನೋಡಿಕೊಂಡಿದ್ದು ನಿಮ್ಮ ಹೆಂಡತಿ ಅಲ್ವಾ?

ಬಳ್ಳಾರಿಯವ: ಮನೆ ಮಾತು ಇಲ್ಲಿ ಬೇಡ ಅಕ್ಕಾ.

ಸಿಂಧನೂರಿನವ: ರಾಯಚೂರಿಗೆ ಏಮ್ಸ್ ಕೊಟ್ಟಿದ್ದರೆ ಈ ಓಡಾಟವೇ ಇರಲಿಲ್ಲ. ಅಂದಹಾಗೆ ಹೈದರಾಬಾದಿಗೆ 16,500 ಜಾಸ್ತಿ ಆಯ್ತು. ನಮಗೆ 11,000 ಬಿತ್ತು. ನಿಮಗೆ ಟೋಪಿ ಹಾಕಿದ್ದಾರೆ.

ರಾಯಚೂರಿನವ: ನಿಮ್ಮದು ವೆಂಟಿಲೇಟರ್ ಗಾಡಿನಾ?

ಸಿಂಧನೂರಿನವ: ಅಲ್ಲ, ಓಮ್ನಿ.

ರಾಯಚೂರಿನವ: ಮತ್ತೆ!