ಎರಡನೇ ಮಹಡಿಯಿಂದ ಎಕ್ಸ್‌ಟೆನ್ಶನ್ ಎಳೆದು ಕಾರ್ ಚಾರ್ಜ್ ಮಾಡಬಹುದಾ?

ಹೊಸಕಾರು_ವಿಜಯನಗರ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ, ಎರಡನೇ ಮಹಡಿ. ಮುಂದಿನ ವಾರ ಟಿಯಾಗೋ ಇವಿ (ಎಲೆಕ್ಟ್ರಿಕ್ ಕಾರ್) ಬರುತ್ತಿದೆ, 24 ಕಿಲೋವ್ಯಾಟ್ ಅವರ್ ಬ್ಯಾಟರಿಯದ್ದು. ಕಾರಿನ ಜೊತೆ ಬರುವ ಚಾರ್ಜರ್ 15 ಆಂಪ್ (16 ಆಂಪ್ ಅಂತಲೂ ಅನ್ನುತ್ತಾರೆ) ಪವರ್ ಪ್ಲಗ್‌ಗೆ ಹಾಕುವಂಥದ್ದು. ಕೆಳಗೆ ಪಾರ್ಕಿಂಗ್‌ನಲ್ಲಿ ಇರುವುದು ಒಂದೇ ಪಾಯಿಂಟ್, ಅದೂ ನೀರಿನ ಮೋಟರಿಗೆ, ಓನರ್ ಮೀಟರಿನದು. ಅದನ್ನು ಮುಟ್ಟುವ ಹಾಗಿಲ್ಲ.

ಅದಕ್ಕೇ ನಮ್ಮ ಬಾಲ್ಕನಿ ಪಕ್ಕದ ವಾಷಿಂಗ್ ಮಷಿನ್ ಪಾಯಿಂಟಿನಿಂದ ಎಕ್ಸ್‌ಟೆನ್ಶನ್ ಇಳಿಬಿಡೋಣ ಅಂತ. ಸುಮಾರು 20 ಮೀಟರ್ ಬೇಕಾಗುತ್ತದೆ. ಅಂಗಡಿಯಲ್ಲಿ ಒಂದು ರೀಲ್ ನೋಡಿದೆ, ಮೇಲೆ "ಹೆವಿ ಡ್ಯೂಟಿ 16 ಆಂಪ್" ಅಂತ ಬರೆದಿತ್ತು. ಕಾರ್ ಶೋರೂಮ್‌ನವರು ಎಕ್ಸ್‌ಟೆನ್ಶನ್ ಬೇಡವೇ ಬೇಡ ಅನ್ನುತ್ತಾರೆ, ಯಾಕೆ ಅಂತ ಕೇಳಿದರೆ "ಕಂಪನಿ ರೂಲ್ಸ್ ಸರ್" ಅಷ್ಟೇ. ರಾತ್ರಿಯೆಲ್ಲಾ ಹಾಕಿ ಮಲಗಬೇಕು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ನಿಜವಾಗಿ ಅಪಾಯ ಇದೆಯಾ, ಇದ್ದರೆ ಎಲ್ಲಿ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ನೆಕ್ಸಾನ್_ಹಾಸನ

ನಾನು ಹೋದ ವರ್ಷದಿಂದ ಎಕ್ಸ್‌ಟೆನ್ಶನ್‌ನಲ್ಲೇ ಚಾರ್ಜ್ ಮಾಡುತ್ತಿದ್ದೇನೆ ಸರ್, ಏನೂ ಆಗಿಲ್ಲ. ದಪ್ಪ ಕೇಬಲ್ ತಗೊಳ್ಳಿ, ಒಳಗಿನ ತಂತಿಯ ದಪ್ಪ 2.5 ಸ್ಕ್ವೇರ್ ಎಂಎಂ ಇರಲಿ, ಒಳ್ಳೆ ಕಂಪನಿದು. ಎಂಸಿಬಿ ಇದೆ ಅಲ್ವಾ, ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್, ಹೆಚ್ಚುಕಮ್ಮಿ ಆದರೆ ಅದೇ ಬೀಳುತ್ತದೆ. ಜಾಸ್ತಿ ಹೆದರಬೇಡಿ.

ವೈರಿಂಗ್_ಮೈಸೂರು

ಹಾಸನದವರು ದಪ್ಪ ಕೇಬಲ್ ಅಂದಿದ್ದು ಸರಿ. ಆದರೆ ಎಂಸಿಬಿ ಬೀಳುತ್ತದೆ ಅನ್ನುವ ಮಾತನ್ನು ನಂಬಿಕೊಂಡು ಯಾರೂ ಮಲಗಬೇಡಿ. ನಾನು ವೈರಿಂಗ್ ಕೆಲಸದವನು, ಈಗೀಗ ಇವಿ ಪಾಯಿಂಟ್‌ಗಳನ್ನೇ ಹೆಚ್ಚು ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಲೆಕ್ಕ. ಈ ಚಾರ್ಜರ್ ಹೆಚ್ಚುಕಡಿಮೆ 3.3 ಕಿಲೋವ್ಯಾಟ್ ಎಳೆಯುತ್ತದೆ, ಅಂದರೆ 230 ವೋಲ್ಟ್‌ನಲ್ಲಿ 14 ಆಂಪ್ ಚಿಲ್ಲರೆ. ಗೀಸರ್ ಕೂಡ ಜೋರಾಗಿ ಎಳೆಯುತ್ತದೆ, ಆದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಕಟ್ ಆಗುತ್ತದೆ. ಇಸ್ತ್ರಿ ಪೆಟ್ಟಿಗೆಯೂ ಆಗಾಗ ಆಫ್ ಆಗುತ್ತದೆ. ಕಾರ್ ಹಾಗಲ್ಲ. ಖಾಲಿ ಬ್ಯಾಟರಿ ತುಂಬುವವರೆಗೆ ಎಂಟು ಗಂಟೆ ಮೇಲೆ ಒಂದೇ ಸಮನೆ 14 ಆಂಪ್. ನಮ್ಮ ಮನೆಗಳಲ್ಲಿ ಇಷ್ಟು ಹೊತ್ತು ಇಷ್ಟು ಕರೆಂಟ್ ತಗೊಳ್ಳುವ ಸಾಮಾನು ಬೇರೆ ಇಲ್ಲವೇ ಇಲ್ಲ. ಎಕ್ಸ್‌ಟೆನ್ಶನ್ ಬೋರ್ಡ್ ಮಾಡುವವರೂ ಇದನ್ನು ತಲೆಯಲ್ಲಿಟ್ಟುಕೊಂಡು ಮಾಡಿರುವುದಿಲ್ಲ.

ಈಗ ಕೇಬಲ್. 20 ಮೀಟರ್ ಅಂದರೆ ಹೋಗಿ ಬರುವ ದಾರಿ 40 ಮೀಟರ್. ತಾಮ್ರದ 1 ಸ್ಕ್ವೇರ್ ಎಂಎಂ ಆದರೆ ಆ ದಾರಿಯ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ಅಡ್ಡಿ) ಸುಮಾರು 0.78 ಓಮ್. 14 ಆಂಪ್ ಹರಿದರೆ ಕೇಬಲ್‌ನಲ್ಲೇ 150 ವಾಟ್ ಶಾಖ, 11 ವೋಲ್ಟ್ ಡ್ರಾಪ್. 2.5 ಸ್ಕ್ವೇರ್‌ನಲ್ಲಿ ಅದೇ ಶಾಖ ಸುಮಾರು 63 ವಾಟ್‌ಗೆ ಇಳಿಯುತ್ತದೆ, 4 ಸ್ಕ್ವೇರ್‌ನಲ್ಲಿ 39ಕ್ಕೆ. ನೇರವಾಗಿ ಬಿಡಿಸಿ ಹಾಕಿದರೆ ಈ ಶಾಖ ಗಾಳಿಗೆ ಹೋಗುತ್ತದೆ. ರೀಲ್‌ನಲ್ಲಿ ಅರ್ಧ ಸುತ್ತಿಟ್ಟು ಉಳಿದರ್ಧ ಎಳೆದರೆ ಒಳಗಿನ ಸುತ್ತುಗಳಿಗೆ ಗಾಳಿಯೇ ಇಲ್ಲ. ಸಾಮಾನ್ಯ ಪಿವಿಸಿ ಇನ್ಸುಲೇಷನ್ ತಡೆಯುವುದು 70 ಡಿಗ್ರಿವರೆಗೆ, ಅದರ ಮೇಲೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹೊರಗಿನಿಂದ ರೀಲ್ ಚೆನ್ನಾಗಿಯೇ ಕಾಣುತ್ತಿರುತ್ತದೆ.

ನೀವು ನೋಡಿದ ರೀಲ್ ಬಗ್ಗೆ ಇನ್ನೊಂದು ಮಾತು. 16 ಆಂಪ್ ಅಂತ ಬರೆದಿರುವುದು ಎಷ್ಟೋ ಸಲ ಸಾಕೆಟ್‌ನ ಅಳತೆ, ಒಳಗಿನ ವೈರಿನದಲ್ಲ. ಕೇಬಲ್ ಮೇಲೆ ಸಣ್ಣಕ್ಷರದಲ್ಲಿ ಪ್ರಿಂಟ್ ಇರುತ್ತದೆ, ಅದನ್ನು ಓದಿ. ಅಗ್ಗದ ರೀಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟು ಮಾರುತ್ತಾರೆ. ಒಂದು ಎಳೆ ಬಿಡಿಸಿ ಬ್ಲೇಡ್‌ನಲ್ಲಿ ಕೆರೆದು ನೋಡಿ, ಬಿಳಿ ಕಂಡರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಇಷ್ಟೆಲ್ಲಾ ಕೇಬಲ್ ಕಥೆ. ನಾನು ಬದಲಾಯಿಸಲು ಹೋದ ಸುಟ್ಟ ಪಾಯಿಂಟ್‌ಗಳಲ್ಲಿ ಹೆಚ್ಚಿನವು ಕೇಬಲ್ ನಡುವೆ ಸುಟ್ಟಿದ್ದಲ್ಲ, ಪ್ಲಗ್ ಟಾಪ್ ಮತ್ತು ಸಾಕೆಟ್ ಸೇರುವ ಕಡೆ. ಒಳಗಿನ ಹಿತ್ತಾಳೆ ಕ್ಲಿಪ್ ಸ್ವಲ್ಪ ಸಡಿಲ ಆಗಿ 0.1 ಓಮ್ ರೆಸಿಸ್ಟೆನ್ಸ್ ಬಂದರೂ ಸಾಕು, ಆ ಒಂದು ಪಿನ್ ಮೇಲೆ 20 ವಾಟ್ ಶಾಖ ಕೂರುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಸಾಕೆಟ್ ಒಳಗೆ ರಾತ್ರಿಯಿಡೀ ಆನ್ ಮಾಡಿಟ್ಟ ಹಾಗೆ. ಬಿಸಿಗೆ ಕ್ಲಿಪ್ ಇನ್ನಷ್ಟು ಸಡಿಲ, ಇನ್ನಷ್ಟು ಬಿಸಿ. ಇಲ್ಲಿ ಎಂಸಿಬಿ ಯಾಕೆ ಬೀಳುವುದಿಲ್ಲ ಅಂದರೆ ಕರೆಂಟ್ ಜಾಸ್ತಿ ಆಗಿಯೇ ಇಲ್ಲ, ಅದೇ 14 ಆಂಪ್. ಎಂಸಿಬಿಗೆ ಎಲ್ಲವೂ ಸರಿಯಾಗಿಯೇ ಇದೆ.

ಎಕ್ಸ್‌ಟೆನ್ಶನ್ ಹಾಕಿದರೆ ಇಂಥ ಜಾಯಿಂಟ್ ಒಂದಿದ್ದಿದ್ದು ಎರಡಾಗುತ್ತದೆ, ಎರಡನೆಯದು ನೆಲದ ಮೇಲೆ ಧೂಳು ನೀರಿನಲ್ಲಿ ಬಿದ್ದಿರುತ್ತದೆ. ಬೇಡ ಅನ್ನುವುದಕ್ಕೆ ಮುಖ್ಯ ಕಾರಣ ಇದು.

ಹೋಂಸ್ಟೇ_ಮಲೆನಾಡು

ಮೈಸೂರಿನವರು ಹೇಳಿದ್ದಕ್ಕೆ ನನ್ನದೂ ಒಂದು ಮಾತು. ನಮ್ಮದು ತೀರ್ಥಹಳ್ಳಿ ಕಡೆ ಹೋಂಸ್ಟೇ. ಒಬ್ಬ ಅತಿಥಿ ಬಾತ್‌ರೂಮಿನ ಗೀಸರ್ ಪಾಯಿಂಟಿನಿಂದ ಕಿಟಕಿಯಲ್ಲಿ ವೈರ್ ಎಳೆದು ಅಂಗಳದಲ್ಲಿದ್ದ ಕಾರಿಗೆ ಹಾಕಿದ್ದರು. ಬೆಳಗ್ಗೆ ಅಡುಗೆಯವಳು ಎಲ್ಲಿಂದಲೋ ಮೀನು ಕೆಟ್ಟ ವಾಸನೆ ಬರುತ್ತಿದೆ ಅಂದಳು. ಅವತ್ತು ಮನೆಯಲ್ಲಿ ಮೀನೇ ಇರಲಿಲ್ಲ. ಹುಡುಕಿಕೊಂಡು ಹೋದರೆ ಬೋರ್ಡಿನ ಬಲಗಡೆ ತೂತು ಕಂದು ಬಣ್ಣಕ್ಕೆ ತಿರುಗಿ ಮೊಟ್ಟೆಯಾಕಾರಕ್ಕೆ ಅಗಲ ಆಗಿತ್ತು, ಪ್ಲಗ್ಗಿನ ಒಂದು ಪಿನ್ ನೀಲಿಗಪ್ಪು. ಎಂಸಿಬಿ ಆನ್ ಆಗಿಯೇ ಇತ್ತು, ಕಾರೂ ಚಾರ್ಜ್ ಆಗುತ್ತಲೇ ಇತ್ತು. ನಮ್ಮದು ಮರದ ಅಟ್ಟದ ಹಳೆ ಮನೆ. ಅವತ್ತಿನಿಂದ ಶೆಡ್‌ನಲ್ಲೇ ಬೇರೆ ಲೈನ್ ಹಾಕಿಸಿದ್ದೇವೆ, ರೂಮಿನಿಂದ ವೈರ್ ಎಳೆಯಲು ಯಾರಿಗೂ ಬಿಡುವುದಿಲ್ಲ.

ವೈರಿಂಗ್_ಮೈಸೂರು

ಆ ವಾಸನೆ ನೆನಪಿಟ್ಟುಕೊಳ್ಳಿ ಎಲ್ಲರೂ. ಸ್ವಿಚ್ಚು ಸಾಕೆಟ್ಟಿನ ಪ್ಲಾಸ್ಟಿಕ್ ಕಾಯ್ದರೆ ಎಷ್ಟೋ ಸಲ ಮೀನಿನಂಥ ವಾಸನೆ ಬರುತ್ತದೆ. ಬಂದ ತಕ್ಷಣ ಮೇನ್ ಆಫ್ ಮಾಡಿ, ಆಮೇಲೆ ಹುಡುಕಿ.

ಹೊಸಕಾರು_ವಿಜಯನಗರ

ತುಂಬಾ ಥ್ಯಾಂಕ್ಸ್. ಹೋಗಿ ಕೇಬಲ್ ಮೇಲಿನ ಪ್ರಿಂಟ್ ಓದಿದೆ, 3 ಕೋರ್ 1 ಸ್ಕ್ವೇರ್ ಎಂಎಂ ಅಂತಿದೆ! ಅದನ್ನು ಕೈಬಿಟ್ಟೆ.

ಇನ್ನೊಂದು ವಿಷಯ. ಪಕ್ಕದ ರಸ್ತೆಯ ಎಲೆಕ್ಟ್ರಿಷಿಯನ್ ಬಂದು ನೋಡಿದರು. ನಮ್ಮ ಬಿಲ್ಡಿಂಗ್‌ನಲ್ಲಿ ಅರ್ಥಿಂಗ್ ವೀಕ್ ಇದೆಯಂತೆ, ಚಾರ್ಜರ್‌ನಲ್ಲಿ ಕೆಂಪು ಲೈಟ್ ಬರಬಹುದು ಅಂದರು. ಬಂದರೆ ಪ್ಲಗ್ ಟಾಪ್ ಒಳಗೆ ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ವೈರ್) ಅರ್ಥ್‌ಗೆ ಒಂದು ಸಣ್ಣ ತುಂಡು ವೈರ್ ಕೊಟ್ಟರೆ ಸರಿ ಹೋಗುತ್ತದೆ, ಎಲ್ಲರೂ ಮಾಡುತ್ತಾರೆ ಅನ್ನುತ್ತಿದ್ದಾರೆ. ಮಾಡಿಸಲಾ?

ವೈರಿಂಗ್_ಮೈಸೂರು

ಬೇಡ. ಯಾವ ಕಾರಣಕ್ಕೂ ಬೇಡ. ಆ ತುಂಡು ವೈರ್ ಹಾಕಿದರೆ ಕೆಂಪು ಲೈಟ್ ಹೋಗುತ್ತದೆ, ಅಪಾಯ ಹೋಗುವುದಿಲ್ಲ.

ಅರ್ಥ್ ವೈರ್ ಕಾರಿನ ಲೋಹದ ಮೈಗೆ ಸೇರಿರುತ್ತದೆ. ನ್ಯೂಟ್ರಲ್ ಅರ್ಥ್ ಎರಡನ್ನೂ ಪ್ಲಗ್ ಒಳಗೆ ಸೇರಿಸಿದಿರಿ ಅಂದುಕೊಳ್ಳಿ. ನಾಳೆ ಎಲ್ಲೋ ಹಿಂದೆ ನ್ಯೂಟ್ರಲ್ ಕಟ್ ಆದರೆ ಅಥವಾ ಸಡಿಲ ಆದರೆ, ಫೇಸ್‌ನಿಂದ (ಕರೆಂಟ್ ಬರುವ ವೈರ್) ಚಾರ್ಜರ್ ಮೂಲಕ ಬಂದ ಕರೆಂಟ್ ವಾಪಸ್ ಹೋಗಲು ದಾರಿ ಇಲ್ಲದೆ ಕಾರಿನ ಮೈಗೆ ಬಂದು ನಿಲ್ಲುತ್ತದೆ. ಹಳೆ ಮನೆಗಳಲ್ಲಿ ಸಾಕೆಟ್‌ನ ಫೇಸ್ ನ್ಯೂಟ್ರಲ್ ಅದಲುಬದಲು ಇರುವುದು ಮಾಮೂಲಿ, ಹಾಗಿದ್ದರೆ ಏನೂ ಕಟ್ ಆಗುವುದೇ ಬೇಡ, ಕಾರಿನ ಮೈಗೆ ನೇರವಾಗಿ 230 ವೋಲ್ಟ್. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಕಾರ್ ತೊಳೆಯುವ ಹುಡುಗನನ್ನು ನೆನೆಸಿಕೊಳ್ಳಿ, ಶಾಲೆಗೆ ಹೊರಟು ಬಾಗಿಲಿಗೆ ಕೈ ಹಾಕುವ ನಿಮ್ಮ ಮಕ್ಕಳನ್ನು ನೆನೆಸಿಕೊಳ್ಳಿ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಟ್ ಮಾಡುವ ಸ್ವಿಚ್) ಇದ್ದರೆ ಇಂಥ ಜೋಡಣೆ ಮಾಡಿದಾಗ ಅದು ಟ್ರಿಪ್ ಆಗುತ್ತದೆ, ಆಗ ಕೆಲವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಕೊಟ್ಟು ಹೋಗುತ್ತಾರೆ. ಅಂಥವರನ್ನು ಮನೆಯೊಳಗೆ ಬಿಡಬೇಡಿ.

ಅರ್ಥಿಂಗ್ ವೀಕ್ ಇದ್ದರೆ ಅರ್ಥ್ ಪಿಟ್ (ಅರ್ಥ್ ವೈರನ್ನು ನೆಲಕ್ಕೆ ಸೇರಿಸುವ ಗುಂಡಿ) ಸರಿ ಮಾಡಿಸಬೇಕು. ಓನರಿಗೆ ಹೇಳಿ, ಅದು ಇಡೀ ಬಿಲ್ಡಿಂಗಿನ ಗೀಸರ್ ಫ್ರಿಜ್ಜಿಗೂ ಬೇಕಾದದ್ದು.

ಕನ್ನಡಿಗ_ಲೀಡ್ಸ್

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲೂ ಇದೇ ಸಮಸ್ಯೆ, ಡ್ರೈವ್‌ವೇ ಇಲ್ಲದ ಸಾಲುಮನೆಗಳಲ್ಲಿ ಲೆಟರ್‌ಬಾಕ್ಸ್ ತೂತಿನಿಂದ ವೈರ್ ಎಳೆದು ಫುಟ್‌ಪಾತ್ ದಾಟಿಸುವವರಿದ್ದಾರೆ. ಇಲ್ಲಿನ ಪ್ಲಗ್ 13 ಆಂಪ್‌ದು, ಒಳಗೇ ಫ್ಯೂಸ್ ಇರುತ್ತದೆ, ನಮ್ಮ ಊರಿನ ಪ್ಲಗ್ ಟಾಪ್‌ನಲ್ಲಿ ಅದಿಲ್ಲ. ಅಷ್ಟಿದ್ದರೂ ಮೂರು ಪಿನ್ ಚಾರ್ಜರ್‌ಗಳನ್ನು ಸಾಮಾನ್ಯವಾಗಿ 10 ಆಂಪ್‌ಗೇ ನಿಲ್ಲಿಸಿರುತ್ತಾರೆ. ರೀಲ್‌ಗಳ ಮೇಲೆ ಸುತ್ತಿದಾಗ ಎಷ್ಟು, ಪೂರ್ತಿ ಬಿಚ್ಚಿದಾಗ ಎಷ್ಟು ಅಂತ ಎರಡು ಅಂಕಿ ಬರೆದಿರುತ್ತಾರೆ. ನನ್ನ ಹತ್ತಿರ ಇರುವುದು ಬಿಚ್ಚಿದರೆ 13 ಆಂಪ್, ಸುತ್ತಿದ್ದರೆ 5 ಆಂಪ್ ಮಾತ್ರ.

ನಿಮ್ಮ ಚಾರ್ಜರ್ ಅಥವಾ ಕಾರಿನಲ್ಲಿ ಕರೆಂಟ್ ಕಮ್ಮಿ ಮಾಡುವ ಆಯ್ಕೆ ಇದೆಯಾ ನೋಡಿ. ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, 14ರಿಂದ 10 ಆಂಪ್‌ಗೆ ಇಳಿಸಿದರೆ ಅರ್ಧ ಆಗುತ್ತದೆ, 8ಕ್ಕೆ ಇಳಿಸಿದರೆ ಮೂರನೇ ಒಂದು. ಚಾರ್ಜ್ ನಿಧಾನ ಆಗುತ್ತದೆ, ಆಗಲಿ.

ಸ್ಕೂಟರ್_ಹುಬ್ಬಳ್ಳಿ

ನಡುವೆ ಕೇಳ್ತೀನಿ, ಬೇಜಾರಾಗಬ್ಯಾಡ್ರಿ. ನಂದು ಎಲೆಕ್ಟ್ರಿಕ್ ಸ್ಕೂಟರ್, ಚಾರ್ಜರ್ ಮೇಲೆ 750 ವಾಟ್ ಅಂತ ಅದ. ಇದಕ್ಕೂ ಎಕ್ಸ್‌ಟೆನ್ಶನ್ ಬ್ಯಾಡ ಏನ್ರಿ?

ವೈರಿಂಗ್_ಮೈಸೂರು

750 ವಾಟ್ ಅಂದರೆ ಮೂರೂಕಾಲು ಆಂಪ್ ಅಷ್ಟೇ ಸರ್, ಕಾರಿಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ. 1.5 ಸ್ಕ್ವೇರ್ ಎಂಎಂ ತಾಮ್ರ, ಮೂರು ಕೋರ್, ಅರ್ಥ್ ಸರಿಯಾಗಿ ಸೇರಿಸಿದ ಒಳ್ಳೆ ಎಕ್ಸ್‌ಟೆನ್ಶನ್ ಆದರೆ ತೊಂದರೆ ಇಲ್ಲ. ಟಿವಿ, ಮಿಕ್ಸಿ ಎಲ್ಲಾ ಒಂದೇ ಬೋರ್ಡಿಗೆ ಹಾಕಬೇಡಿ. ಮಳೆ ಬೀಳುವ ಕಡೆ ಬೋರ್ಡ್ ಇಡಬೇಡಿ. ಮತ್ತೆ ಕಾರಿನವರಿಗೆ ಇದೇ ಜಾಗದಲ್ಲಿ ಹೇಳಿಬಿಡುತ್ತೇನೆ: 16 ಆಂಪ್ ಪ್ಲಗ್ಗನ್ನು 6 ಆಂಪ್ ಪಾಯಿಂಟಿಗೆ ಕೂರಿಸುವ ಕನ್ವರ್ಟರ್ ಪ್ಲಗ್ ಅಂಗಡಿಯಲ್ಲಿ ಸಿಗುತ್ತದೆ, ಕಾರಿಗೆ ಅದನ್ನು ಬಳಸಲೇಬಾರದು.

ವಿಜಯನಗರದ ಸರ್, ನಿಮ್ಮ ಮೀಟರ್ ಎಲ್ಲಿದೆ? ಬೆಂಗಳೂರಿನ ಬಾಡಿಗೆ ಬಿಲ್ಡಿಂಗ್‌ಗಳಲ್ಲಿ ಎಲ್ಲಾ ಮನೆಯ ಮೀಟರ್‌ಗಳೂ ಸಾಮಾನ್ಯವಾಗಿ ಕೆಳಗೆ ಪಾರ್ಕಿಂಗ್‌ನಲ್ಲೇ ಇರುತ್ತವೆ ಅಲ್ವಾ. ಎರಡನೇ ಮಹಡಿಯಿಂದ ಯಾಕೆ ಇಳಿಸಬೇಕು?

ಹೊಸಕಾರು_ವಿಜಯನಗರ

ಹೌದು! ಮೀಟರ್ ಬೋರ್ಡ್ ಕಾರ್ ನಿಲ್ಲಿಸುವ ಜಾಗದಿಂದ ಐದಾರು ಮೀಟರ್ ಅಷ್ಟೇ. ಅಲ್ಲಿಂದಲೇ ತೆಗೆಯಬಹುದಾ? ಬೆಸ್ಕಾಂನವರು ಏನೂ ಅನ್ನುವುದಿಲ್ಲವಾ?

ವೈರಿಂಗ್_ಮೈಸೂರು

ಮನೆಯ ಈಗಿನ ಕನೆಕ್ಷನ್‌ನಲ್ಲೇ ಸ್ವಂತ ಕಾರ್ ಚಾರ್ಜ್ ಮಾಡಿಕೊಳ್ಳಬಹುದು, ಕೇಂದ್ರ ಇಂಧನ ಇಲಾಖೆಯ 2018ರ ಮಾರ್ಗಸೂಚಿಯಲ್ಲೇ ಮನೆಯಲ್ಲಿ ಚಾರ್ಜ್ ಮಾಡಲು ಅವಕಾಶ ಕೊಟ್ಟಿದ್ದಾರೆ. ಬಿಲ್ ತೆಗೆದು ಸ್ಯಾಂಕ್ಷನ್ಡ್ ಲೋಡ್, ಅಂದರೆ ನಿಮ್ಮ ಕನೆಕ್ಷನ್‌ಗೆ ಮಂಜೂರಾದ ಲೋಡ್, ಎಷ್ಟಿದೆ ನೋಡಿ. 3 ಕಿಲೋವ್ಯಾಟ್ ಇದ್ದರೆ ಕಾರ್ ಒಂದೇ ಅದನ್ನು ತಿಂದುಬಿಡುತ್ತದೆ, ಲೋಡ್ ಹೆಚ್ಚಿಸಲು ಬಿಲ್ ಮೇಲಿರುವ ನಿಮ್ಮ ಆರ್‌ಆರ್ ನಂಬರ್ (ಕನೆಕ್ಷನ್ ನಂಬರ್) ಕೊಟ್ಟು ಅರ್ಜಿ ಹಾಕಿ. ಮೀಟರ್ ಓನರ್ ಹೆಸರಿನಲ್ಲಿದ್ದರೆ ಅವರ ಸಹಿ ಬೇಕಾಗುತ್ತದೆ.

ಕೆಲಸ ಹೀಗೆ ಮಾಡಿಸಿ. ನಿಮ್ಮ ಮೀಟರ್ ದಾಟಿದ ಮೇಲಿನ ಮೇನ್‌ನಿಂದ ಬೇರೆಯೇ ಒಂದು ಲೈನ್, 4 ಸ್ಕ್ವೇರ್ ಎಂಎಂ ತಾಮ್ರ, ಪೈಪ್‌ನಲ್ಲಿ. ಅದಕ್ಕೆ 20 ಆಂಪ್ ಎಂಸಿಬಿ ಮತ್ತು 30 ಮಿಲಿಆಂಪ್ ಆರ್‌ಸಿಸಿಬಿ. ಆರ್‌ಸಿಸಿಬಿ ಕೊಳ್ಳುವಾಗ ಟೈಪ್ ಎ ಅಂತಲೇ ಕೇಳಿ, ಅಗ್ಗದ ಟೈಪ್ ಎಸಿ ಬೇಡ. ಕಾರ್ ಚಾರ್ಜರ್‌ನಲ್ಲಿ ಡಿಸಿ ಲೀಕೇಜ್ ಬರಬಹುದು, ಟೈಪ್ ಎಸಿಯನ್ನು ಅದು ಮಂಕು ಮಾಡಿಬಿಡುತ್ತದೆ, ಬೀಳಬೇಕಾದಾಗ ಬೀಳುವುದಿಲ್ಲ. ಕೊನೆಯಲ್ಲಿ ಮುಚ್ಚಳ ಇರುವ 16 ಆಂಪ್ ಮೆಟಲ್ ಬಾಕ್ಸ್ ಸಾಕೆಟ್, ನೆಲದಿಂದ ಎದೆ ಎತ್ತರಕ್ಕೆ.

ಸಾಕೆಟ್ ಪಕ್ಕ ಒಂದು ಹುಕ್ ಹೊಡೆಸಿ. ಚಾರ್ಜರ್‌ನ ಡಬ್ಬಿ ಭಾರ ಇದೆ. ಪ್ಲಗ್‌ನಿಂದಲೇ ನೇತಾಡಿಸಿದರೆ ಪಿನ್ ಕೆಳಗೆ ಜಗ್ಗಿ ಕ್ಲಿಪ್ ಸಡಿಲ ಆಗುತ್ತದೆ, ಮೇಲೆ ಹೇಳಿದ ಸುಡುವ ಕಥೆ ಅಲ್ಲಿಂದಲೇ ಶುರು. ಮೊದಲ ದಿನ ಅರ್ಧ ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ ಟಾಪ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಸುಟ್ಟರೆ ನಿಲ್ಲಿಸಿ ಸಾಕೆಟ್ ಬದಲಾಯಿಸಿ. ತೆಗೆಯುವಾಗ ಮೊದಲು ಚಾರ್ಜಿಂಗ್ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ, ಆಮೇಲೆ ಪ್ಲಗ್ ಎಳೆಯಿರಿ. ಕರೆಂಟ್ ಹರಿಯುತ್ತಿರುವಾಗಲೇ ಎಳೆದರೆ ಸ್ಪಾರ್ಕ್ ಬಂದು ಪಿನ್ ಗುಳಿ ಬೀಳುತ್ತದೆ.

ನೆಕ್ಸಾನ್_ಹಾಸನ

ನಾಳೆಯೇ ನಮ್ಮ ಪ್ಲಗ್ ಬಿಚ್ಚಿಸಿ ನೋಡಿಸುತ್ತೇನೆ. ಎಂಸಿಬಿ ವಿಷಯ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ಸರ್.

ಹೊಸಕಾರು_ವಿಜಯನಗರ

ಓನರ್ ಆಂಟಿ ಹತ್ತಿರ ಮಾತಾಡಿದೆ, ಬಿಲ್ ನಮ್ಮ ಮೀಟರಿಗೇ ಬರುತ್ತದೆ ಅಂದ ಮೇಲೆ ಒಪ್ಪಿದರು, ಅರ್ಥ್ ಪಿಟ್ ಖರ್ಚು ಅರ್ಧ ಅವರದೇ. ಕೊನೆಯ ಪ್ರಶ್ನೆ: ಮನೆ ಖಾಲಿ ಮಾಡುವಾಗ ಇದನ್ನೆಲ್ಲಾ ಬಿಚ್ಚಿಕೊಂಡು ಹೋಗಬಹುದಾ?

ವೈರಿಂಗ್_ಮೈಸೂರು

ಬಾಕ್ಸ್, ಎಂಸಿಬಿ, ಆರ್‌ಸಿಸಿಬಿ ನಿಮ್ಮದೇ, ತಗೊಂಡು ಹೋಗಿ. ವೈರ್ ಬಿಟ್ಟು ಹೋಗುವುದಾದರೆ ಮೀಟರ್ ಕಡೆಯ ತುದಿಯನ್ನು ಮೇನ್‌ನಿಂದಲೇ ಕಳಚಿಸಿ. ಸಾಕೆಟ್ ಕಡೆ ಟೇಪ್ ಸುತ್ತಿ ಕರೆಂಟ್ ಇರುವ ತುದಿಯನ್ನು ಗೋಡೆಯಲ್ಲಿ ಬಿಡಬೇಡಿ.