ಸಹಾಯ ಬೇಕು: ಟ್ಯಾಗ್ ಮೇಲೆ 'ರೀಸೈಕಲ್ಡ್' ಅಂತ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ಇಬ್ಬರೇ ಸೇರಿ ನಡೆಸುವ ಸಣ್ಣ ಸ್ಪೋರ್ಟ್ಸ್‌ವೇರ್ ಬ್ರ್ಯಾಂಡ್ ನಮ್ಮದು. ರನ್ನಿಂಗ್ ಟೀಶರ್ಟಿನ ಬಟ್ಟೆ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ.

ಮೊದಲು ಹತ್ತಿ ನೋಡಿದೆವು. ಬೆವರು ಕುಡಿದು ಒದ್ದೆ ಗೋಣಿಚೀಲದ ಹಾಗೆ ಬೆನ್ನಿಗೆ ಅಂಟಿತು. ಎಲಾಸ್ಟೇನ್ (ರಬ್ಬರಿನಂತೆ ಹಿಗ್ಗುವ ನೂಲು) ಬೆರೆಸಿದ್ದು ಮೈಗೆ ಚೆನ್ನಾಗಿ ಕೂರುತ್ತದೆ, ಆದರೆ ಮಿಶ್ರ ಬಟ್ಟೆಯನ್ನು ಮತ್ತೆ ನೂಲು ಮಾಡುವುದು ಕಷ್ಟ. ಕೊನೆಗೆ ಪೆಟ್ ಬಾಟಲಿಯಿಂದ ಮಾಡಿದ, ಬೇರೇನೂ ಬೆರೆಸದ ಪಾಲಿಯೆಸ್ಟರ್ ಹಿಡಿದೆವು. ಒಗೆದಾಗ ಇದೂ ಮೈಕ್ರೋಫೈಬರ್ (ತೀರಾ ಸಣ್ಣ ಪ್ಲಾಸ್ಟಿಕ್ ಎಳೆ) ಬಿಡುತ್ತದೆ, ಗೊತ್ತು. ದಯವಿಟ್ಟು ಅದಕ್ಕೆ ಬೈಯಬೇಡಿ!

ತಲೆನೋವು ಕಾಗದದ್ದು. ಬಟ್ಟೆ ಮಾರಿದವರು ಜಿಆರ್‌ಎಸ್ (ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್, ರೀಸೈಕಲ್ಡ್ ಬಟ್ಟೆಗಿರುವ ಮಾನದಂಡ) ಸರ್ಟಿಫಿಕೇಟ್ ಕಳಿಸಿದರು. ಬಿಡಿಸಿ ನೋಡಿದರೆ ಅದು ಮಿಲ್ಲಿನ ಹೆಸರಲ್ಲಿರುವ ಸ್ಕೋಪ್ ಸರ್ಟಿಫಿಕೇಟ್, ಅಂದರೆ ಮಿಲ್ಲು ಇಂಥ ಬಟ್ಟೆ ಮಾಡಲು ಅರ್ಹ ಅನ್ನುವುದಷ್ಟೇ. ನಾವು ಕೊಂಡ ರೋಲುಗಳ ಸುದ್ದಿಯೇ ಅದರಲ್ಲಿಲ್ಲ. ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ (ಮಾರಿದ ಆ ಸರಕಿಗೇ ಸಿಗುವ ಪತ್ರ) ಕೊಡಿ ಅಂದರೆ, 'ನಾಲ್ಕು ರೋಲಿಗೆಲ್ಲಾ ಯಾರು ಮಾಡಿಸ್ತಾರೆ?' ಅಂತಾರೆ. ಮೂರು ಸಲ ಮೇಲ್ ಮಾಡಿದೆ, ಫೋನೂ ಮಾಡಿದೆ. ಬೇರೆ ಇಬ್ಬರನ್ನು ಕೇಳಿದರೂ ಇದೇ ಉತ್ತರ. ನಾವೂ ಸರ್ಟಿಫೈಡ್ ಅಲ್ಲ, ಹಾಗಾಗಿ ಜಿಆರ್‌ಎಸ್ ಲೋಗೋ ಹಾಕುವ ಆಸೆ ಬಿಟ್ಟಿದ್ದೇವೆ. ಆದರೆ ಸುಮ್ನೆ ಬಾಯಿಮಾತು ನಂಬಿ 'ರೀಸೈಕಲ್ಡ್' ಅಂತ ಪ್ರಿಂಟ್ ಮಾಡಿಸಲು ಮನಸ್ಸು ಒಪ್ಪುತ್ತಿಲ್ಲ.

ಕಡಿಮೆ ಬಟ್ಟೆ ಕೊಳ್ಳುವ ನೀವು ಇದನ್ನು ಹೇಗೆ ನಿಭಾಯಿಸಿದಿರಿ? ನಾಲ್ಕೈದು ಬ್ರ್ಯಾಂಡ್ ಸೇರಿ ಒಟ್ಟಿಗೆ ಆರ್ಡರ್ ಕೊಟ್ಟರೆ ಆ ಸರ್ಟಿಫಿಕೇಟ್ ಸಿಗುತ್ತದಾ, ಅಥವಾ ಅದು ಸಿಗುವವರೆಗೆ ಟ್ಯಾಗ್ ಮೇಲೆ ಬರೀ 'ಪಾಲಿಯೆಸ್ಟರ್' ಅಂತಷ್ಟೇ ಹಾಕಬೇಕಾ?