ಜಗತ್ತಿನ ಅತ್ಯಂತ ಅಪಾಯಕಾರಿ ಹಾವುಗಳ ಪಟ್ಟಿಯಲ್ಲಿ ನಮ್ಮ ಕೊಳಕುಮಂಡಲ ಏಕಿಲ್ಲ?

ಪ್ರಶ್ನೆ: ಕನಕಪುರ ರಸ್ತೆ ನಿವಾಸಿ

ಎಂಟನೇ ತರಗತಿಯಲ್ಲಿರುವ ನನ್ನ ಮಗಳಿಗೆ ಜಗತ್ತಿನ ಹತ್ತು ಅತ್ಯಂತ ಅಪಾಯಕಾರಿ ವಿಷಸರ್ಪಗಳ ಬಗ್ಗೆ ಚಾರ್ಟ್ ಮಾಡಿಕೊಂಡು ಬರಲು ಶಾಲೆಯಲ್ಲಿ ಹೇಳಿದ್ದಾರೆ. ಅವಳು ಮೊಬೈಲಿನಲ್ಲಿ ಹುಡುಕಿ ಬರೆದುಕೊಂಡ ಪಟ್ಟಿಯಲ್ಲಿ ಆಸ್ಟ್ರೇಲಿಯಾದ ಇನ್‌ಲ್ಯಾಂಡ್ ಟೈಪಾನ್‌ಗೆ ಮೊದಲ ಸ್ಥಾನ, ಆಫ್ರಿಕಾದ ಬ್ಲ್ಯಾಕ್ ಮಾಂಬಾಗೆ ಎರಡನೆಯದು. ನಮ್ಮ ಕಡೆಯದೆಂದು ಕಂಡದ್ದು ಕಾಳಿಂಗ ಸರ್ಪವೊಂದೇ.

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಚರಂಡಿಯ ಚಪ್ಪಡಿ ಕೆಳಗಿನಿಂದ ಒಂದು ಹಾವು ಹೊರಬಂತು. ಕಾವಲುಗಾರರು ಅದನ್ನು ಹೆಬ್ಬಾವಿನ ಮರಿ ಎಂದು ತಿಳಿದು ಕೋಲಿನಿಂದ ಸರಿಸಲು ಹೋದರು. ಅದು ಸುರುಳಿ ಸುತ್ತಿಕೊಂಡು, ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಹಬೆ ಬಿಡುತ್ತದಲ್ಲ, ಹಾಗೆ ಬುಸುಗುಟ್ಟಿತು. ಕರೆಸಿದ ಹಾವು ಹಿಡಿಯುವವರು ಬೆನ್ನಿನ ಮೇಲೆ ಮೂರು ಸಾಲಾಗಿ ಸರಪಳಿಯಂತೆ ಹೊಂದಿಕೊಂಡಿದ್ದ ಕಂದು ಮಚ್ಚೆಗಳನ್ನು ದೂರದಿಂದಲೇ ತೋರಿಸಿ, ಇದು ಕೊಳಕುಮಂಡಲ ಎಂದರು. ಮನೆಗೆ ಬಂದ ಮೇಲೆ ಮಗಳು ಪಟ್ಟಿಯನ್ನು ಎರಡು ಸಲ ಓದಿ, ಇದರ ಹೆಸರೇ ಇಲ್ಲವಲ್ಲ ಎಂದು ಕೇಳಿದಳು. ಈ ಪಟ್ಟಿಗಳನ್ನು ಯಾವ ಆಧಾರದ ಮೇಲೆ ಮಾಡುತ್ತಾರೆ, ನಿಜಕ್ಕೂ ಅಪಾಯಕಾರಿ ಹಾವು ಯಾವುದು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ, ಬಸವನಗುಡಿ

ಇಂತಹ ಪಟ್ಟಿಗಳ ಮೂಲ ಇರುವುದು ಪ್ರಯೋಗಾಲಯದ ಇಲಿಗಳಲ್ಲಿ. ಪರೀಕ್ಷೆಗೆ ಒಳಪಡಿಸಿದ ಇಲಿಗಳಲ್ಲಿ ಅರ್ಧದಷ್ಟು ಸಾಯಬೇಕಾದರೆ ದೇಹತೂಕದ ಕಿಲೋಗ್ರಾಮಿಗೆ ಎಷ್ಟು ವಿಷ ಬೇಕು ಎಂಬುದನ್ನು ಎಲ್‌ಡಿ 50 ಎಂದು ಕರೆಯುತ್ತಾರೆ. ಆ ಸಂಖ್ಯೆ ಕಡಿಮೆಯಿದ್ದಷ್ಟೂ ವಿಷ ತೀಕ್ಷ್ಣ. ಇನ್‌ಲ್ಯಾಂಡ್ ಟೈಪಾನ್‌ನ ವಿಷವನ್ನು ಚರ್ಮದಡಿ ಚುಚ್ಚಿದಾಗ ಈ ಪ್ರಮಾಣ ಸುಮಾರು 0.025 ಮಿಲಿಗ್ರಾಂ. ಆದರೆ ಆ ಹಾವಿನ ಆಹಾರವೇ ಇಲಿ ಹೆಗ್ಗಣಗಳು. ಇಲಿಯನ್ನು ಕೊಲ್ಲಲೆಂದೇ ಹದಗೊಂಡ ವಿಷವನ್ನು ಇಲಿಯ ಮೇಲೆಯೇ ಪರೀಕ್ಷಿಸಿ ಬಹುಮಾನ ಕೊಡುವುದು, ಪ್ರಶ್ನೆಪತ್ರಿಕೆ ಬರೆದವನನ್ನೇ ಪರೀಕ್ಷೆಗೆ ಕೂರಿಸಿದಂತೆ ಎಂದು ನಾನು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದೆ.

ಇನ್ನು ಆ ಹಾವಿನ ವಾಸಸ್ಥಾನವನ್ನು ನೋಡಿ. ಕ್ವೀನ್ಸ್‌ಲ್ಯಾಂಡ್ ಮತ್ತು ದಕ್ಷಿಣ ಆಸ್ಟ್ರೇಲಿಯಾದ ಒಳನಾಡಿನಲ್ಲಿ, ಜನರೇ ಇಲ್ಲದ ಬಯಲಿನ ಬಿರುಕು ನೆಲದಲ್ಲಿ ಅದು ಬದುಕುತ್ತದೆ. 1879ರಲ್ಲಿ ವಿಜ್ಞಾನಿಗಳು ಅದನ್ನು ಮೊದಲು ವರ್ಣಿಸಿದ ಮೇಲೆ, 1972ರವರೆಗೆ ಅದು ಅವರ ಕೈಗೆ ಮತ್ತೆ ಸಿಗಲೇ ಇಲ್ಲ. ತೀಕ್ಷ್ಣ ವಿಷದ ಹಾವುಗಳು ಅಷ್ಟೊಂದಿರುವ ಆಸ್ಟ್ರೇಲಿಯಾದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸಾಯುವವರು ಸರಾಸರಿ ಇಬ್ಬರು, ಮೂವರು. ಭಾರತದಲ್ಲಿ 2000ದಿಂದ 2019ರವರೆಗಿನ ಸಾವುಗಳನ್ನು ಅಂದಾಜು ಮಾಡಿದ ಅಧ್ಯಯನದ ಪ್ರಕಾರ ವರ್ಷಕ್ಕೆ ಸರಾಸರಿ 58,000.

ಕಾಳಿಂಗದ ವಿಷಯದಲ್ಲಿ ಒಂದು ಸಂತೋಷದ ಮಾತನ್ನೂ ನಿಮ್ಮ ಮಗಳಿಗೆ ತಿಳಿಸಿ. ಒಂದೇ ಪ್ರಭೇದವೆಂದು ನಂಬಿದ್ದ ಕಾಳಿಂಗ ಸರ್ಪವನ್ನು 2024ರಲ್ಲಿ ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದಾಗ, ಪಶ್ಚಿಮ ಘಟ್ಟಗಳದ್ದಕ್ಕೆ ‘ಒಫಿಯೋಫೇಗಸ್ ಕಾಳಿಂಗ’ ಎಂದು ನಮ್ಮ ಕನ್ನಡದ ಹೆಸರನ್ನೇ ಇಟ್ಟರು. ಹನ್ನೆರಡು ಹದಿಮೂರು ಅಡಿ ಬೆಳೆದು ಒಂದೇ ಕಡಿತಕ್ಕೆ ಧಾರಾಳವಾಗಿ ವಿಷ ಸುರಿಸಬಲ್ಲದಾದರೂ, ಆಗುಂಬೆಯಂತಹ ಮಳೆಕಾಡಿನಲ್ಲಿ ಕೇರೆಹಾವು ಮೊದಲಾದವನ್ನು ತಿಂದುಕೊಂಡಿರುವ ಅದು ಮನುಷ್ಯರನ್ನು ಕಚ್ಚುವುದು ಬಹಳ ಅಪರೂಪ. ಜನರನ್ನು ಕೊಲ್ಲುವವು ಗದ್ದೆಯ ಬದುವಿನಲ್ಲಿ, ಸೌದೆ ಒಟ್ಟಿದಲ್ಲಿ, ಇಲಿ ಇರುವ ಉಗ್ರಾಣದಲ್ಲಿ ನಮ್ಮ ಜೊತೆಗೇ ಇರುವ ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ನನ್ನನ್ನು ಕೇಳಿದರೆ ಚಾರ್ಟಿನ ಮೊದಲ ಸ್ಥಾನ ನಿಮ್ಮ ಪಾರ್ಕಿನ ಅತಿಥಿಗೇ ಸಲ್ಲಬೇಕು.

ಉತ್ತರ 2: ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ

ಅಧ್ಯಾಪಕರ ಮಾತನ್ನು ಒಪ್ಪುತ್ತೇನೆ. ಕೊಳಕುಮಂಡಲದ ವಿಷ ರಕ್ತವನ್ನು ಮೊದಲು ಹೆಪ್ಪುಗಟ್ಟಲು ಪ್ರಚೋದಿಸಿ, ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನೆಲ್ಲ ಖರ್ಚು ಮಾಡಿಸಿಬಿಡುತ್ತದೆ. ಆಮೇಲೆ ಒಸಡಿನಿಂದಲೂ ಸೂಜಿ ಚುಚ್ಚಿದ ಜಾಗದಿಂದಲೂ ರಕ್ತ ಒಸರುತ್ತದೆ, ಮೂತ್ರಪಿಂಡ ಸೋತು ಡಯಾಲಿಸಿಸ್ ಬೇಕಾಗುತ್ತದೆ. ಇದನ್ನು ಪತ್ತೆ ಹಚ್ಚಲು ನಾವು ಇಂದಿಗೂ ನೆಚ್ಚಿಕೊಂಡಿರುವ ಪರೀಕ್ಷೆಗೆ ಯಂತ್ರವೇ ಬೇಡ. ಒಣಗಿದ, ಹೊಸ ಗಾಜಿನ ಟೆಸ್ಟ್ ಟ್ಯೂಬಿನಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಟ್ಟು, ನಂತರ ಒಮ್ಮೆ ಓರೆ ಮಾಡುತ್ತೇವೆ. ಆರೋಗ್ಯವಂತರ ರಕ್ತ ಹಲ್ವದಂತೆ ತಳದಲ್ಲಿ ಕೂತಿರುತ್ತದೆ. ಮಂಡಲ ಕಚ್ಚಿದವರದು ನೀರಿನಂತೆ ಹರಿದುಬರುತ್ತದೆ. ಟ್ಯೂಬನ್ನು ಸೋಪಿನಿಂದ ತೊಳೆದಿದ್ದರೆ ಫಲಿತಾಂಶವೇ ತಪ್ಪಾಗುತ್ತದೆಂದು ಹೊಸದಾಗಿ ಬಂದವರಿಗೆಲ್ಲ ಮೊದಲ ದಿನವೇ ಹೇಳುತ್ತೇನೆ.

ಆದರೆ ನನಗೆ ಹೆಚ್ಚು ಹೆದರಿಕೆ ಕಟ್ಟುಹಾವಿನದು. ಅದು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರ ಚಾಪೆಗೇ ಬಂದು ಕಚ್ಚುತ್ತದೆ, ಬಹುಪಾಲು ನೋವೂ ಇಲ್ಲ, ಊತವೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಉಸಿರು ಕಟ್ಟುತ್ತದೆ. ನರದ ತುದಿಗಳು ಹಾಳಾದ ಮೇಲೆ ಆ್ಯಂಟಿವೆನಮ್, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ಅದನ್ನು ಸರಿಪಡಿಸಲಾರದು. ಆಗ ರೋಗಿಯನ್ನು ದಿನಗಟ್ಟಲೆ ವೆಂಟಿಲೇಟರ್ ಮೇಲೆ ಕಾಯಬೇಕಾಗುತ್ತದೆ. ಕಚ್ಚಿದ ಜಾಗವನ್ನು ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಮೂಳೆ ಮುರಿದವರಿಗೆ ಮಾಡುವಂತೆ ಕೈಕಾಲು ಅಲ್ಲಾಡದ ಹಾಗೆ ಆಸರೆ ಕಟ್ಟಿ 108ಕ್ಕೆ ಕರೆ ಮಾಡಿ.

ಉತ್ತರ 3: ಮಾಗಡಿ ಕಡೆಯವನು

ಡಾಕ್ಟರ್ ಮೇಡಂ ಹೇಳಿದ ಹೊಟ್ಟೆನೋವಿನ ಮಾತು ಓದಿ ಕೈ ನಡುಗಿತು. ಹನ್ನೊಂದು ವರ್ಷದ ಹಿಂದೆ ರಾಗಿ ಕೊಯ್ಲಿನ ಸಮಯದಲ್ಲಿ ಕಣ ಕಾಯಲು ಮಲಗಿದ್ದ ನಮ್ಮ ಚಿಕ್ಕಪ್ಪ ನಾಲ್ಕು ಗಂಟೆಗೆ ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳುಹಿಸಿದರು. ಮೈಮೇಲೆ ಹಲ್ಲಿನ ಗುರುತೇ ಇರಲಿಲ್ಲವಾದ್ದರಿಂದ ಹಾವಿನ ಯೋಚನೆ ನಮಗೂ ಬರಲಿಲ್ಲ. ಏಳು ಗಂಟೆಗೆ ಅವರಿಗೆ ಕಣ್ಣು ತೆರೆಯಲು ಆಗಲಿಲ್ಲ. ಬೆಂಗಳೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಣದಲ್ಲಿ ಅವರ ಚಾಪೆ ಮಡಚಲು ಹೋದಾಗ ಕೆಳಗೆ ಕಪ್ಪಗೆ ಹೊಳೆಯುವ, ತೆಳ್ಳಗಿನ ಬಿಳಿ ಪಟ್ಟೆಯ ಹಾವು ಸುತ್ತಿಕೊಂಡು ಮಲಗಿತ್ತು. ಚಿಕ್ಕಮ್ಮ ಈಗಲೂ ಯಾರನ್ನೂ ನೆಲದ ಮೇಲೆ ಮಲಗಲು ಬಿಡುವುದಿಲ್ಲ.

ಉತ್ತರ 4: ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ

ಮಾಗಡಿಯವರೇ, ನಿಮ್ಮ ಮನೆಯವರ ದುಃಖ ಅರ್ಥವಾಗುತ್ತದೆ. ಬಲ್ಲವರೂ ಈ ಹಾವಿನ ಮುಂದೆ ಮೋಸಹೋಗಿದ್ದಾರೆ. 2001ರ ಸೆಪ್ಟೆಂಬರಿನಲ್ಲಿ ಮ್ಯಾನ್ಮಾರಿನ ಕಾಡಿನಲ್ಲಿ ಅಮೆರಿಕದ ಉರಗತಜ್ಞ ಜೋ ಸ್ಲೋವಿನ್ಸ್‌ಕಿ ಅವರು ವಿಷವಿಲ್ಲದ ಹಾವೆಂದು ತಿಳಿದು ಚೀಲಕ್ಕೆ ಕೈ ಹಾಕಿದಾಗ ಕಚ್ಚಿದ್ದು ಕಟ್ಟುಹಾವಿನ ಜಾತಿಯದೇ ಒಂದು ಪುಟ್ಟ ಹಾವು. ಮರುದಿನ ಅವರು ತೀರಿಕೊಂಡರು. ಬೆಂಗಳೂರಿನ ಮನೆಗಳಲ್ಲಿ ಇದರ ತಿರುಗುಮುರುಗು ನಡೆಯುತ್ತದೆ: ಹಲ್ಲಿ ಹುಡುಕಿಕೊಂಡು ಗೋಡೆ ಹತ್ತುವ ನಿರಪಾಯಕಾರಿ ತೋಳಹಾವನ್ನು ಕಟ್ಟುಹಾವೆಂದು ಹೊಡೆದು ಸಾಯಿಸುತ್ತಾರೆ. ತೋಳಹಾವಿನ ಪಟ್ಟೆಗಳು ತಲೆಯ ಕಡೆಗೆ ಸ್ಪಷ್ಟವಾಗಿದ್ದು ಬಾಲದ ಕಡೆಗೆ ಮಾಸುತ್ತವೆ. ಕಟ್ಟುಹಾವಿನದು ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಆದರೂ ಇದನ್ನು ಹತ್ತಿರ ಹೋಗಿ ಪರೀಕ್ಷಿಸಬೇಡಿ. ದೂರದಿಂದ ಫೋಟೋ ತೆಗೆದರೆ ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮಗಳು ಚಾರ್ಟಿನಲ್ಲಿ ಹೊಸದೊಂದು ಅಂಕಣ ಎಳೆದು, ಪ್ರತಿ ಹಾವಿನ ಮುಂದೆ ‘ಮನುಷ್ಯರಿಗೆ ಎಲ್ಲಿ ಎದುರಾಗುತ್ತದೆ’ ಎಂದು ಬರೆಯುತ್ತಿದ್ದಾಳೆ. ಅವಳದೊಂದು ಪ್ರಶ್ನೆ ಉಳಿದಿದೆ: ಹಾವು ಯಾವುದೆಂದು ಗೊತ್ತಾಗದಿದ್ದರೆ ಡಾಕ್ಟರು ಯಾವ ಔಷಧ ಕೊಡುತ್ತಾರೆ?

ಉತ್ತರ 5: ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ

ಜಾಣ ಪ್ರಶ್ನೆ. ಅಧ್ಯಾಪಕರು ಹೆಸರಿಸಿದ ನಾಲ್ಕೂ ಹಾವುಗಳ ವಿಷಕ್ಕೆ ನಮ್ಮಲ್ಲಿ ಒಂದೇ ಆ್ಯಂಟಿವೆನಮ್ ಇದೆ. ಆ ವಿಷಗಳನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಅದನ್ನು ತಯಾರಿಸುತ್ತಾರೆ. ಹಾಗಾಗಿ ಹಾವನ್ನು ಹಿಡಿದು ಆಸ್ಪತ್ರೆಗೆ ತರುವ ಸಾಹಸ ಬೇಡ, ಲಕ್ಷಣ ನೋಡಿಯೇ ನಾವು ಚಿಕಿತ್ಸೆ ಆರಂಭಿಸುತ್ತೇವೆ. ಒಂದು ವಿಷಯವನ್ನು ಅವಳು ಚಾರ್ಟಿನಲ್ಲಿ ಸೇರಿಸಬಹುದು: ಮಕ್ಕಳಿಗೂ ದೊಡ್ಡವರಿಗೂ ಆ್ಯಂಟಿವೆನಮ್ ಪ್ರಮಾಣ ಒಂದೇ, ಏಕೆಂದರೆ ಹಾವು ಕಚ್ಚುವಾಗ ವಯಸ್ಸು ನೋಡಿ ವಿಷ ಅಳೆದು ಕೊಟ್ಟಿರುವುದಿಲ್ಲ.